ಕ್ಯಾಮೆರಾ ಬ್ಯಾಗಿಂದ ತೆಗೆಯೋಕ್ ಮುಂಚೆ: ಸತ್ಯಜಿತ್ ರೇ ಕೆಲಸ ಮಾಡ್ತಿದ್ದ ರೀತಿಯಿಂದ ಫೋಟೋ ತೆಗೆಯೋರು ಕಲಿಯಬಹುದಾದ್ದು

1952ರ ಅಕ್ಟೋಬರ್ ಕೊನೇಲಿ ಬಂಗಾಳಿ ಸಿನಿಮಾ ನಿರ್ದೇಶಕ ಸತ್ಯಜಿತ್ ರೇ ತಮ್ಮ ಮೊದಲನೇ ಸಿನಿಮಾ 'ಪಥೇರ್ ಪಾಂಚಾಲಿ'ಯ ಮೊದಲನೇ ದಿನದ ಶೂಟಿಂಗ್ ಮಾಡಿದ್ದು ಒಂದು ಕಾಶ ಹೂವಿನ ಬಯಲಲ್ಲಿ. ಕಾಶ ಅಂದ್ರೆ ಬಂಗಾಳದಲ್ಲಿ ಮಳೆಗಾಲ ಮುಗೀತಿದ್ದಂಗೆ ಬೆಳ್ಳಗೆ ಅರಳೋ ಎತ್ತರದ ಹುಲ್ಲು, ನಮ್ಮ ಕಬ್ಬಿನ ಗದ್ದೇಲಿ ಸೂಲಂಗಿ ಬರತ್ತಲ್ಲ, ನೋಡೋಕೆ ಹಂಗೇ ಇರತ್ತೆ, ಕುಲಾನೂ ಒಂದೇ. ಅಕ್ಕ ತಮ್ಮ ಇಬ್ರೂ ಆ ಹುಲ್ಲಿನ ಮಧ್ಯೆ ಹೋಗಿ ಮೊದಲನೇ ಸಲ ರೈಲು ನೋಡೋ ಸೀನು. ಅವತ್ತು ಅರ್ಧ ಮಾತ್ರ ತೆಗೆದ್ರು. ರೇ ಆಗಿನ್ನೂ ಜಾಹೀರಾತು ಕಂಪನೀಲಿ ಕೆಲಸಕ್ಕಿದ್ರು, ರಜೆ ದಿನ ಮಾತ್ರ ಸಿನಿಮಾ, ಹಾಗಾಗಿ ಉಳಿದಿದ್ದು ಮುಂದಿನ ವಾರ ಅಂತ ಎದ್ದು ಬಂದ್ರು. ಮುಂದಿನ ವಾರ ಹೋಗಿ ನೋಡ್ತಾರೆ, ಬಯಲಲ್ಲಿ ಹೂವೇ ಇಲ್ಲ, ಎಲ್ಲಾ ದನ ಮೇಯ್ದುಬಿಟ್ಟಿದೆ. ಮತ್ತೆ ಹೂ ಬರೋದು ಮುಂದಿನ ವರ್ಷಾನೇ. ಒಂದು ವರ್ಷ ಕಾದ್ರು, ಮುಂದಿನ ವರ್ಷ ಹೂ ಬಂದ ಮೇಲೆ ಹೋಗಿ ಸೀನ್ ಮುಗಿಸಿದ್ರು.

ಈ ಕತೇನ ಎಲ್ರೂ ತಾಳ್ಮೆಗೆ ಉದಾಹರಣೆ ಅಂತ ಹೇಳ್ತಾರೆ. ನಂಗೆ ಅದಕ್ಕಿಂತ ಮುಖ್ಯ ಅನ್ಸೋದು ಬೇರೆ. ನಾನಾಗಿದ್ರೆ ಅವತ್ತೇ ಪಕ್ಕದ ಬಯಲಲ್ಲಿ ಏನೋ ಒಂದು ತೆಗೆದು ಮುಗಿಸ್ತಿದ್ದೆ, ಯಾಕಂದ್ರೆ ನಂಗೆ ಅಲ್ಲಿ ಏನು ಬೇಕಿತ್ತು ಅಂತ ನಂಗೇ ಸರಿಯಾಗಿ ಗೊತ್ತಿರ್ತಿರ್ಲಿಲ್ಲ. ಅವ್ರಿಗೆ ಗೊತ್ತಿತ್ತು, ಬಿಳೀ ಹೂವಿನ ಮೇಲೆ ರೈಲಿನ ಕಪ್ಪು ಹೊಗೆ, ಆ ಫ್ರೇಮು ತಲೇಲಿ ಆಗ್ಲೇ ಕೂತಿತ್ತು, ಅದಕ್ಕೇ ಕಾಯೋಕ್ ಆಯ್ತು. ಏನು ಬೇಕು ಅಂತ ಗೊತ್ತಿಲ್ದೇ ಇರೋನು ಕಾಯೋದಾದ್ರೂ ಯಾವುದಕ್ಕೆ?

ನಾನು ಮಂಡ್ಯ, ಮೈಸೂರು ಕಡೆ ಹನ್ನೊಂದು ವರ್ಷದಿಂದ ಮದುವೆ, ಗೃಹಪ್ರವೇಶ, ನಾಮಕರಣ ಅಂತ ಫೋಟೋ ತೆಗೀತಾ ಇದೀನಿ. ಒಂದು ಮದುವೇಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಫ್ರೇಮ್ ಹೊಡೆದಿದ್ದೆ. ಮೂರ್ನಾಲ್ಕು ತಿಂಗಳಾದ ಮೇಲೆ ಆ ಮನೆಯವ್ರು ಫೋನ್ ಮಾಡಿದ್ರು, ಹುಡುಗಿ ಅಜ್ಜಿ ತೀರ್ಕೊಂಡ್ರಂತೆ, ಅವರದ್ದೊಂದು ಒಳ್ಳೇ ಫೋಟೋ ಕೊಡಿ ಅಂತ. ರಾತ್ರಿ ಪೂರ್ತಿ ಹಾರ್ಡ್ ಡಿಸ್ಕ್ ಹುಡುಕಿದೆ. ಆ ಅಜ್ಜಿ ಎಷ್ಟೋ ಫ್ರೇಮಲ್ಲಿ ಇದ್ರು, ಆದ್ರೆ ಎಲ್ಲಾ ಕಡೇಲೂ ಅಂಚಿನಲ್ಲಿ, ಅರ್ಧ ಮುಖ, ಇಲ್ಲಾ ಯಾರದೋ ಹೆಗಲ ಹಿಂದೆ. ನಾಲ್ಕು ಸಾವಿರದಲ್ಲಿ ಒಂದೂ ಇಲ್ಲ. ಅವತ್ತಿಂದ ನಾನು ಫೋಟೋಗ್ರಫಿ ವಿಡಿಯೋಗಳನ್ನ ಬಿಟ್ಟು ಸಿನಿಮಾ ಮಾಡೋರು ಹೆಂಗೆ ತಯಾರಿ ಮಾಡ್ಕೋತಾರೆ ಅಂತ ಓದೋಕೆ ಶುರು ಮಾಡಿದೆ. ರೇ ಹತ್ರ ಸಿಕ್ಕಷ್ಟು ಬೇರೆ ಕಡೆ ಸಿಗ್ಲಿಲ್ಲ. ನಂಗೆ ಕೆಲಸಕ್ಕೆ ಬಂದಿದ್ದನ್ನ ಮಾತ್ರ, ನೀವು ಮಾಡಿ ನೋಡೋ ಹಂಗೆ ಹೇಳ್ತೀನಿ.

ಮೊದಲು ಬರೆಯಿರಿ, ಅಂದ್ರೆ ಚಿತ್ರ ಬರೆಯಿರಿ

ರೇ ಮನೇಲೇ ಚಿತ್ರ ಮತ್ತೆ ಅಚ್ಚಿನ ಕೆಲಸ ಇತ್ತು. ತಾತ ಉಪೇಂದ್ರಕಿಶೋರ್ ಹಾಫ್‌ಟೋನ್ ಮುದ್ರಣದಲ್ಲಿ (ಫೋಟೋನ ಸಣ್ಣ ಸಣ್ಣ ಚುಕ್ಕೆಗಳಾಗಿ ಅಚ್ಚು ಹಾಕೋದು) ದೊಡ್ಡ ಪರಿಣಿತರು, ಅಪ್ಪ ಸುಕುಮಾರ್ ರೇ ಇಂಗ್ಲೆಂಡಿಗೆ ಹೋಗಿ ಫೋಟೋಗ್ರಫಿ, ಮುದ್ರಣ ಎರಡನ್ನೂ ಕಲಿತು ಬಂದವ್ರು. ರೇ ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸ್ ಹತ್ರ ಚಿತ್ರ ಕಲಿತ್ರು, 1943ರಲ್ಲಿ ಡಿ.ಜೆ. ಕೀಮರ್ ಅನ್ನೋ ಜಾಹೀರಾತು ಕಂಪನಿಗೆ ತಿಂಗಳಿಗೆ 80 ರೂಪಾಯಿ ಸಂಬಳಕ್ಕೆ ಸೇರಿದ್ರು. ಅದರ ಜೊತೆ ಪುಸ್ತಕಗಳಿಗೆ ಮುಖಪುಟ, ಒಳಗಿನ ಚಿತ್ರ. 'ಪಥೇರ್ ಪಾಂಚಾಲಿ' ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆದವ್ರೂ ಅವ್ರೇ, ಆಗ ಬರೆದ ಕೆಲವು ಚಿತ್ರಗಳೇ ಎಷ್ಟೋ ವರ್ಷ ಆದ್ಮೇಲೆ ಸಿನಿಮಾದಲ್ಲಿ ಶಾಟ್ ಆಗಿ ಬಂದ್ವು. ಆ ಸಿನಿಮಾಗೆ ಬೇರೆಯವ್ರು ಇಟ್ಕೊಳೋ ತರ ಪೂರ್ತಿ ಬರೆದ ಸ್ಕ್ರಿಪ್ಟ್ ಇರ್ಲಿಲ್ಲ, ಇದ್ದಿದ್ದು ಒಂದಷ್ಟು ಟಿಪ್ಪಣಿ ಮತ್ತೆ ಶಾಯಿಲಿ ಬರೆದ ಚಿತ್ರಗಳ ಪುಸ್ತಕ. ಆಮೇಲಿನ ಸಿನಿಮಾಗಳಿಗೆಲ್ಲಾ ಕೆಂಪು ಬಟ್ಟೆ ರಟ್ಟಿನ 'ಖೇರೋರ್ ಖಾತಾ' ಇಟ್ಕೋತಿದ್ರು. ಬಂಗಾಳದ ಅಂಗಡಿಯವ್ರ ಲೆಕ್ಕದ ಪುಸ್ತಕ ಅದು, ನಮ್ಮ ಶೆಟ್ಟರ ಅಂಗಡೀಲಿ ಕಿರ್ದಿ ಪುಸ್ತಕ ಇರ್ತಿತ್ತಲ್ಲ ಹಾಗೆ. ಸಂಭಾಷಣೆ, ಫ್ರೇಮಿನ ಚಿತ್ರ, ಬಟ್ಟೆ, ಸೆಟ್ಟಿನ ಸಾಮಾನು, ಎಲ್ಲಾ ಅದೊಂದ್ರಲ್ಲೇ.

ನೀವು ರೇ ತರ ಚಿತ್ರ ಬರೀಬೇಕಾಗಿಲ್ಲ, ನಂಗೂ ಬರಲ್ಲ, ನಾನು ಬರೆಯೋದು ಕಡ್ಡಿ ಮನುಷ್ಯರನ್ನೇ. ಮಾಡೋದು ಇಷ್ಟು. ಗೆರೆ ಇಲ್ಲದ ಒಂದು ಚಿಕ್ಕ ನೋಟ್‌ಬುಕ್ ತಗೊಳ್ಳಿ. ಪೆನ್ಸಿಲಲ್ಲಿ 6 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರದ ಚೌಕ ಹಾಕಿ, ಅದು ನಿಮ್ಮ ಕ್ಯಾಮೆರಾ ಫ್ರೇಮಿನ ಅಳತೇನೇ, ಮೂರಕ್ಕೆ ಎರಡು. ಒಳಗೆ ಮೂರೇ ವಿಷಯ ತುಂಬಿ: ಮನುಷ್ಯ ಎಲ್ಲಿದಾನೆ, ಬೆಳಕು ಯಾವ ಕಡೆಯಿಂದ ಬರತ್ತೆ ಅಂತ ಒಂದು ಬಾಣ, ಮತ್ತೆ ಫ್ರೇಮಲ್ಲಿ ಎಲ್ಲಕ್ಕಿಂತ ಕಪ್ಪಾಗಿರೋ ಜಾಗ ಯಾವುದು ಅಂತ ಪೆನ್ಸಿಲಲ್ಲಿ ತೀಡಿರೋದು. ಮೂರನೇದನ್ನ ಬಿಡಬೇಡಿ. ಕಪ್ಪು ಎಲ್ಲಿ ಅಂತ ತೀರ್ಮಾನ ಮಾಡಿದ್ರೆ ಕಣ್ಣು ಎಲ್ಲಿಗೆ ಹೋಗತ್ತೆ ಅಂತ ತಾನಾಗೇ ತೀರ್ಮಾನ ಆಗತ್ತೆ. ಒಂದು ಚೌಕಕ್ಕೆ ಎರಡು ನಿಮಿಷ ಸಾಕು, ಒಂದು ಶೂಟಿಗೆ ಆರು ಚೌಕಕ್ಕಿಂತ ಜಾಸ್ತಿ ಬೇಡ, ನಲವತ್ತು ಹಾಕ್ಕೊಂಡ್ ಹೋದ್ರೆ ಅದೂ ಮತ್ತೆ ಸಾವಿರ ಫ್ರೇಮ್ ಹೊಡೆದಂಗೇ ಆಗತ್ತೆ.

ಈಗ ನಾನು ಮದುವೆಗೆ ಒಪ್ಪಿಕೊಂಡ ಮೇಲೆ ಮನೆಯವ್ರ ಹತ್ರ ಒಂದು ಸಲ ಕೂತು ಕೇಳ್ತೀನಿ, ಮನೇಲಿ ಹಿರಿಯರು ಯಾರಿದಾರೆ, ಹುಡುಗಿಗೆ ಯಾರ ಹತ್ರ ಸಲಿಗೆ ಜಾಸ್ತಿ, ಅವತ್ತು ಅಡುಗೆ ಮನೆ ಕಡೆ ಯಾರು ಓಡಾಡ್ತಿರ್ತಾರೆ. ಮೊದಲನೇ ಚೌಕ ಯಾವಾಗ್ಲೂ ಆ ಮನೆಯ ಅಜ್ಜಿದೋ ತಾತಂದೋ.

ಇಲ್ಲೊಂದು ಮಾತು. ಚಿತ್ರ ಬರ್ಕೊಂಡ್ ಹೋಗೋದು ಅಂದ್ರೆ ಅದಕ್ಕೇ ಅಂಟ್ಕೊಂಡು ಕೂರೋದು ಅಂತಲ್ಲ. 'ಪಥೇರ್ ಪಾಂಚಾಲಿ' ತೆಗೆಯೋಕೆ ದುಡ್ಡಿಲ್ದೇ ಹೆಚ್ಚೂ ಕಮ್ಮಿ ಮೂರು ವರ್ಷ ಹಿಡೀತು, ಮಧ್ಯದಲ್ಲಿ ಮಿಠಾಯಿ ಮಾರೋನ ಪಾತ್ರ ಮಾಡ್ತಿದ್ದವ್ರು ತೀರ್ಕೊಂಡ್ರು. ರೇ ಅದೇ ಮೈಕಟ್ಟಿನ ಇನ್ನೊಬ್ಬರನ್ನ ಕರ್ಕೊಂಡು ಬಂದು ಬೆನ್ನು ಮಾತ್ರ ಕಾಣೋ ಹಂಗೆ ತೆಗೆದ್ರು. ಆ ಶಾಟಿಗೆ ಬೇಕಾಗಿದ್ದು ಮುಖ ಅಲ್ಲ, ಮಿಠಾಯಿಯವನ ಹಿಂದೆ ಮಕ್ಕಳು ಹೋಗೋದು, ಅಂತ ಗೊತ್ತಿದ್ದೋರಿಗೆ ಮಾತ್ರ ಇದು ಹೊಳೆಯತ್ತೆ. ನಿಮ್ಮ ಚೌಕದ ಕೆಳಗೂ ಒಂದು ಸಾಲು ಬರ್ಕೊಳಿ, ಈ ಫೋಟೋ ಯಾಕೆ ಅಂತ. ಮಳೆ ಬಂತು, ಜಾಗ ಸಿಗ್ಲಿಲ್ಲ, ಹುಡುಗ ಬರ್ಲಿಲ್ಲ ಅಂದಾಗ ಚಿತ್ರ ಕೈಬಿಟ್ರೂ ಆ ಸಾಲು ಕೈಬಿಡಲ್ಲ.

ಬೆಳಕು ತರೋಕ್ ಮುಂಚೆ, ಇರೋ ಬೆಳಕು ನೋಡಿ

ರೇ ತಮ್ಮ ಸಿನಿಮಾಗೆ ಛಾಯಾಗ್ರಾಹಕ ಅಂತ ಆರಿಸಿಕೊಂಡಿದ್ದು ಸುಬ್ರತ ಮಿತ್ರ ಅನ್ನೋ 21ರ ಹುಡುಗನ್ನ. ಅದುವರೆಗೆ ಅವ್ರು ಸಿನಿಮಾ ಕ್ಯಾಮೆರಾ ನಡೆಸಿದವ್ರೇ ಅಲ್ಲ, ಬರೀ ಸ್ಟಿಲ್ ಫೋಟೋ ತೆಗೀತಿದ್ದವ್ರು, ನಮ್ಮ ನಿಮ್ಮ ತರ. ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾ ಬಂಗಾಳಕ್ಕೆ ಬಂದು 'ದ ರಿವರ್' ತೆಗೀತಿದ್ದಾಗ ದಿನಾ ಹೋಗಿ ನಿಂತು ನೋಡಿ, ಯಾವ ಲೈಟು ಎಲ್ಲಿಟ್ರು, ಕ್ಯಾಮೆರಾ ಎಲ್ಲಿತ್ತು ಅಂತ ಚಿತ್ರ ಸಮೇತ ಬರ್ಕೋತಿದ್ರು. ಕಲಿಕೆ ಅಂದ್ರೆ ಅಷ್ಟೇ.

ಅವ್ರಿಬ್ರೂ ಮಾಡಿದ್ದರಲ್ಲಿ ನಂಗೆ ತುಂಬಾ ಉಪಯೋಗಕ್ಕೆ ಬಂದಿದ್ದು 1956ರ 'ಅಪರಾಜಿತೋ' ಸಿನಿಮಾದ ಕೆಲಸ. ಕಾಶಿಯ ಹಳೇ ಮನೆ, ಮಧ್ಯದಲ್ಲಿ ಮೇಲೆ ತೆರೆದ ಅಂಗಳ. ಅದನ್ನ ಕಲ್ಕತ್ತಾದ ಸ್ಟುಡಿಯೋ ಒಳಗೆ ಸೆಟ್ ಹಾಕಬೇಕಾಯ್ತು. ನಿಜವಾದ ಅಂಗಳದಲ್ಲಿ ಬೆಳಕು ಆಕಾಶದಿಂದ ಇಳಿಯತ್ತೆ, ಅಂಥಾ ಬೆಳಕಿಗೆ ಗಟ್ಟಿ ನೆರಳೇ ಬೀಳಲ್ಲ. ಸ್ಟುಡಿಯೋ ಲೈಟು ನೇರ ಹೊಡೆದ್ರೆ ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ನೆರಳು. ಮಿತ್ರ ಏನ್ ಮಾಡಿದ್ರು ಅಂದ್ರೆ ಸೆಟ್ಟಿನ ಮೇಲೆ ಬಿಳೀ ಬಟ್ಟೆ ಎಳೆದು ಕಟ್ಟಿಸಿದ್ರು, ಲೈಟನ್ನ ಜನರ ಮೇಲೆ ಬಿಡ್ದೇ ಆ ಬಟ್ಟೆ ಮೇಲೆ ಬಿಟ್ರು, ಬಟ್ಟೆಗೆ ತಾಗಿ ವಾಪಸ್ ಇಳಿದ ಬೆಳಕು ಆಕಾಶದ ಬೆಳಕಿನ ಹಂಗೇ ಕಂಡಿತು. ನೋಡಿದವ್ರು ಕಾಶೀಲೇ ತೆಗೆದಿದ್ದು ಅಂದ್ಕೊಂಡ್ರು.

ನಮ್ಮ ಕಡೆ ತೊಟ್ಟಿ ಮನೇಲಿ ಬೆಳೆದವ್ರಿಗೆ ಈ ಬೆಳಕು ಹೊಸದಲ್ಲ. ನಮ್ಮ ತಾಯಿ ಊರಿನ ಮನೇಲಿ ತೊಟ್ಟಿ ಸುತ್ತ ಜಗಲಿ, ಕಂಬಕ್ಕೆ ಒರಗಿ ಕೂತವ್ರ ಮುಖದ ಮೇಲೆ ಬೆಳಿಗ್ಗೆ ಒಂಬತ್ತರಿಂದ ಬೀಳೋ ಬೆಳಕಿದೆಯಲ್ಲ, ಯಾವ ಸ್ಟುಡಿಯೋ ಸಾಫ್ಟ್‌ಬಾಕ್ಸಿಗೂ ಅದು ಬರಲ್ಲ. ನಾನು ಅಷ್ಟು ವರ್ಷ ಅದೇ ಮನೆಗೆ ಹೋಗಿ ಟ್ಯೂಬ್‌ಲೈಟ್ ಹಾಕಿ, ಅದರ ಮೇಲೆ ಫ್ಲ್ಯಾಶ್ ಹಾಕಿ ತೆಗೀತಿದ್ದೆ.

ಒಂದು ಮನೆಗೋ ಛತ್ರಕ್ಕೋ ಹೋದ ತಕ್ಷಣ ಕ್ಯಾಮೆರಾ ತೆಗೀಬೇಡಿ. ಟ್ಯೂಬ್‌ಲೈಟ್, ಬಲ್ಬು ಎಲ್ಲಾ ಆರಿಸೋಕೆ ಹೇಳಿ ಇಪ್ಪತ್ತು ನಿಮಿಷ ಕೂರಿ. ಕಣ್ಣು ಹೊಂದ್ಕೊಂಡ ಮೇಲೆ ನಿಮ್ಮ ಅಂಗೈನೇ ಮುಖ ಅಂದ್ಕೊಂಡು ಎತ್ತಿ ಹಿಡಿದು ನಿಧಾನಕ್ಕೆ ಸುತ್ತ ತಿರುಗಿ, ಬೆರಳಿನ ನೆರಳು ಅಂಗೈ ಮೇಲೆ ಎಲ್ಲಿ ಚೂಪಾಗಿ ಬೀಳತ್ತೆ, ಎಲ್ಲಿ ಕರಗಿ ಹೋಗತ್ತೆ ಅಂತ ಕಾಣತ್ತೆ. ಕರಗೋ ಜಾಗದಲ್ಲಿ ವಯಸ್ಸಾದವ್ರನ್ನ, ಮಕ್ಕಳನ್ನ ಕೂರಿಸಿ. ಬೆಳಕು ಕಮ್ಮಿ ಅನ್ಸಿದ್ರೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ) 1600, 3200ಕ್ಕೆ ಏರಿಸಿ, ಈಗಿನ ಕ್ಯಾಮೆರಾಗಳಿಗೆ ಅದೇನೂ ಅಲ್ಲ, ಒಂಚೂರು ಗ್ರೇನ್, ಅಂದ್ರೆ ಕಾಳು ಕಾಳು, ಇರೋ ಒಳ್ಳೇ ಬೆಳಕು ನುಣುಪಾಗಿರೋ ಸತ್ತ ಬೆಳಕಿಗಿಂತ ಸಾವಿರ ಪಾಲು ಮೇಲು.

ಅಷ್ಟಾದ್ರೂ ಸಾಲ್ದಿದ್ರೆ ಮಿತ್ರ ಮಾಡಿದ್ದೇ ಮಾಡಿ. ಬಿಳೀ ಪಂಚೆ ಒಂದು ಬ್ಯಾಗಲ್ಲಿ ಇರ್ಲಿ, ಕಾಟನ್ ಪಂಚೆ, ಅಂಚು ಸಣ್ಣದಿರೋದು. ಗೋಡೆಗೋ ಕಂಬಕ್ಕೋ ಮೇಲೆ ಕಟ್ಟಿ, ಫ್ಲ್ಯಾಶ್ ತಲೆ ಅದರ ಕಡೆ ತಿರುಗಿಸಿ. ನಮ್ಮ ಮನೆಗಳಲ್ಲಿ ಇದು ಯಾಕೆ ಮುಖ್ಯ ಅಂದ್ರೆ ಗೋಡೆ ಹಸಿರು, ನೀಲಿ, ರೋಸ್ ಬಣ್ಣ ಇರತ್ತೆ, ಫ್ಲ್ಯಾಶನ್ನ ಸೀದಾ ಗೋಡೆಗೆ ಬೌನ್ಸ್ ಮಾಡಿದ್ರೆ ಆ ಬಣ್ಣಾನೇ ಮುಖಕ್ಕೆ ಬರತ್ತೆ, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಚರ್ಮದ ಬಣ್ಣ ಸರಿ ಮಾಡ್ತೀನಿ ಅಂತ ಒದ್ದಾಡ್ಬೇಕು. ಪಂಚೆ ಅಡ್ಡ ಕಟ್ಟಿದ್ರೆ ಆ ತಾಪತ್ರಯ ಇಲ್ಲ. ಕಿಟಕಿ ಬೆಳಕು, ಟ್ಯೂಬ್‌ಲೈಟ್ ಎರಡೂ ಒಟ್ಟಿಗೆ ಇಟ್ಕೊಬೇಡಿ, ಅರ್ಧ ಮುಖ ನೀಲಿ ಅರ್ಧ ಮುಖ ಹಸಿರಾಗಿ ಕೂತಿರತ್ತೆ, ಯಾವ ವೈಟ್ ಬ್ಯಾಲೆನ್ಸೂ ಎರಡನ್ನೂ ಒಟ್ಟಿಗೆ ಸರಿ ಮಾಡಲ್ಲ.

ಬೆಳಕಿನ ವಿಷಯ ಬಂದ್ರೆ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವ್ರನ್ನ ನೆನೆಯದೇ ಮುಂದೆ ಹೋಗೋಕ್ ನಂಗೆ ಮನಸ್ಸು ಬರಲ್ಲ, ಅವ್ರು ರೇ ಜೊತೆ ಕೆಲಸ ಮಾಡಿದವ್ರಲ್ಲ, ಹಿಂದಿ ನಿರ್ದೇಶಕ ಗುರುದತ್ ಜೊತೆ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋ ಒಳಗೆ ಮೇಲಿಂದ ಇಳಿಯೋ ಆ ಬೆಳಕಿನ ಕೋಲು ಇದೆಯಲ್ಲ, ಅದಕ್ಕೆ ಅವ್ರು ಬಳಸಿದ್ದು ನಿಜವಾದ ಬಿಸಿಲು, ಎರಡು ದೊಡ್ಡ ಕನ್ನಡಿ ಇಟ್ಟು ಹೊರಗಿನ ಸೂರ್ಯನ್ನ ಒಳಗೆ ತಂದ್ರು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವ್ರೇ. ಮನೇಲಿ ನೀವೂ ಮಾಡಿ ನೋಡಿ, ಅಲಮಾರಿ ಕನ್ನಡಿ ಒಂದನ್ನ ಹೊರಗೆ ಬಿಸಿಲಿಗೆ ಇಟ್ಟು ಬೆಳಕನ್ನ ಬಾಗಿಲಿಂದ ಒಳಗೆ ಬಿಡಿ, ಒಳಗೆ ಇನ್ನೊಂದು ಚಿಕ್ಕ ಕನ್ನಡಿ ಹಿಡಿದು ಬೇಕಾದ ಕಡೆ ತಿರುಗಿಸಿ, ಒಂಚೂರು ಸಾಂಬ್ರಾಣಿ ಹೊಗೆ ಹಾಕಿದ್ರೆ ಕೋಲು ಕಣ್ಣಿಗೆ ಕಾಣತ್ತೆ. ಯಾರ ಕಣ್ಣಿಗೂ ನೇರ ಬಿಡಬೇಡಿ. ಬೇಗ ತೆಗೀರಿ ಕೂಡ, ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರೀತಾನೆ, ಹತ್ತು ಮೀಟರ್ ದೂರದಲ್ಲಿ ಅಷ್ಟರಲ್ಲೇ ಬೆಳಕು ಮುಕ್ಕಾಲು ಗೇಣು ಪಕ್ಕಕ್ಕೆ ಹೋಗಿರತ್ತೆ.

ಮೋಡ ಬಂತು ಅಂತ ಪ್ಯಾಕ್ ಮಾಡಬೇಡಿ

1962ರಲ್ಲಿ ರೇ 'ಕಾಂಚನಜಂಘಾ' ತೆಗೆದ್ರು, ಅವ್ರ ಮೊದಲ ಕಲರ್ ಸಿನಿಮಾ, ಪೂರ್ತಿ ಡಾರ್ಜಿಲಿಂಗಲ್ಲಿ. ಡಾರ್ಜಿಲಿಂಗ್ ಹವಾಮಾನ ನಮ್ಮ ಆಗುಂಬೆ ಮಡಿಕೇರಿ ತರಾನೇ, ಈಗ ಬಿಸಿಲು, ಇನ್ನರ್ಧ ಗಂಟೆಗೆ ಮಂಜು. ಅವ್ರು ಅದರ ಜೊತೆ ಜಗಳ ಆಡ್ಲಿಲ್ಲ. ಕತೇಲೇ ಬಿಸಿಲಿನ ಸೀನು, ಮೋಡದ ಸೀನು, ಮಂಜಿನ ಸೀನು ಅಂತ ಬರ್ಕೊಂಡಿದ್ರು, ಬಿಸಿಲು ಬಂದಾಗ ಬಿಸಿಲಿನ ಸೀನಿಗೆ ಓಡೋದು, ಮಂಜು ಇಳಿದಾಗ ಮಂಜಿನ ಸೀನಿಗೆ. ಸಿನಿಮಾ ನೋಡುವಾಗ ಮಂಜು ಬರೋದು, ಕೊನೇಲಿ ಮಂಜು ಸರಿದು ಬೆಟ್ಟ ಕಾಣೋದು ಎಲ್ಲಾ ಪಾತ್ರಗಳ ಮನಸ್ಸಿನ ಜೊತೇಲೇ ಆಗತ್ತೆ.

ಪ್ರೀ ವೆಡ್ಡಿಂಗ್ ಶೂಟ್ ಮಾಡೋರು ಇದನ್ನ ದಯವಿಟ್ಟು ತಗೊಳ್ಳಿ. ಸಕಲೇಶಪುರದಲ್ಲಿ ಸೂರ್ಯಾಸ್ತ ಬೇಕು ಅಂತ ಹೋಗ್ತಾರೆ, ಸಂಜೆ ಮಂಜು ತುಂಬ್ಕೊಳತ್ತೆ, ಎಲ್ರೂ ಮುಖ ಸಣ್ಣ ಮಾಡ್ಕೊಂಡು ಕಾರಲ್ಲಿ ಕೂರ್ತಾರೆ. ನೋಟ್‌ಬುಕ್ಕಲ್ಲಿ ಒಂದು ಪುಟಾನ ಮೂರು ಭಾಗ ಮಾಡಿ, ಬಿಸಿಲು, ಮೋಡ, ಮಳೆ ಅಥವಾ ಮಂಜು. ಒಂದೊಂದರಲ್ಲೂ ಎರಡೆರಡು ಚೌಕ. ಮೋಡದ ದಿನ ಬಣ್ಣದ ಬಟ್ಟೆ ಗಾಢವಾಗಿ ಬರತ್ತೆ, ಮುಖಕ್ಕೆ ನೆರಳಿರಲ್ಲ, ಹತ್ತಿರದ ಶಾಟ್ ಅದಕ್ಕೇ ಇಟ್ಕೊಳಿ. ಮಂಜಲ್ಲಿ ಹಿಂದಿನ ಗಲಾಟೆಯೆಲ್ಲಾ ಅಳಿಸಿ ಹೋಗತ್ತೆ, ದೂರದ ಶಾಟ್ ಅದಕ್ಕೆ, ಇಬ್ಬರನ್ನ ಚಿಕ್ಕದಾಗಿ ನಿಲ್ಲಿಸಿ, ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ (ಅಂದ್ರೆ ಬೆಳಕು ಎರಡರಷ್ಟು), ಇಲ್ಲಾಂದ್ರೆ ಕ್ಯಾಮೆರಾ ಬಿಳೀ ಮಂಜನ್ನ ಬೂದಿ ಬಣ್ಣ ಮಾಡತ್ತೆ. ಗಂಡು ಹೆಣ್ಣಿಗೂ ಮೊದಲೇ ಹೇಳಿಡಿ, ಯಾವ ಹವಾ ಬಂದ್ರೂ ನಮ್ಮತ್ರ ಕೆಲಸ ಇದೆ ಅಂತ, ಅವ್ರ ಮುಖದಲ್ಲಿ ಅರ್ಧ ಟೆನ್ಷನ್ ಅಲ್ಲೇ ಇಳಿಯತ್ತೆ.

'ಸ್ಮೈಲ್ ಮಾಡಿ' ಅನ್ನೋದು ಬಿಡಿ, ಕೆಲಸ ಕೊಡಿ

ಕಾಶ ಬಯಲಿನ ಆ ಮೊದಲನೇ ದಿನ ಇನ್ನೊಂದು ತೊಂದರೆ ಆಗಿತ್ತು. ಅಪು ಪಾತ್ರದ ಪುಟ್ಟ ಹುಡುಗ ಅಕ್ಕನ್ನ ಹುಡುಕ್ತಾ, ಆಚೆ ಈಚೆ ನೋಡ್ತಾ, ನಿಂತು ನಿಂತು ನಡೀಬೇಕು. ನಡಿ ಅಂದ್ರೆ ಹುಡುಗ ಕಟ್ಟಿಗೆ ತರ ಸೀದಾ ನಡೀತಾನೆ, ಅವನೇನು ನಟ ಅಲ್ವಲ್ಲ. ರೇ ಅವನಿಗೆ 'ಭಾವ' ವಿವರಿಸೋಕೆ ಹೋಗ್ಲಿಲ್ಲ. ದಾರೀಲಿ ಅಲ್ಲಲ್ಲಿ ಕಡ್ಡಿ ಹಾಕಿಸಿದ್ರು, ದಾಟ್ಕೊಂಡು ಹೋಗ್ಲಿ ಅಂತ, ಹುಲ್ಲಿನ ಒಳಗೆ ಎರಡೂ ಕಡೆ ಸಹಾಯಕರನ್ನ ನಿಲ್ಲಿಸಿ ಒಬ್ಬೊಬ್ಬರಾಗಿ ಹೆಸರು ಕೂಗೋಕೆ ಹೇಳಿದ್ರು. ಹುಡುಗ ಕೂಗು ಬಂದ ಕಡೆ ತಿರುಗ್ತಾನೆ, ಕಡ್ಡಿ ನೋಡಿ ಹೆಜ್ಜೆ ಎತ್ತಿ ಇಡ್ತಾನೆ. ಪರದೆ ಮೇಲೆ ಅದು ಹುಡುಕಾಟ ಆಗಿ ಕಾಣತ್ತೆ. ಅದೇ ಸಿನಿಮಾದಲ್ಲಿ ಮಿಠಾಯಿಯವನ ಹಿಂದೆ ಮಕ್ಕಳು, ಮಕ್ಕಳ ಹಿಂದೆ ನಾಯಿ ಹೋಗೋ ಶಾಟಿಗೆ ನಾಯಿ ಬರಲ್ಲ ಅಂತ ಕೂತಾಗ, ಹುಡುಗಿ ಬೆನ್ನ ಹಿಂದೆ ಕೈಯಲ್ಲಿ ಸಂದೇಶ್ ಸಿಹಿ ಇಟ್ಕೊಂಡ್ಲು, ನಾಯಿ ಹಿಂದೇನೇ ಬಂತು.

ಮದುವೇಲಿ ಜನ ಕ್ಯಾಮೆರಾ ಕಂಡ ತಕ್ಷಣ ಬಿಗಿ ಆಗ್ತಾರೆ. ಹುಡುಗಿ ಅಪ್ಪನ್ನ ಕಂಬದ ಹತ್ರ ನಿಲ್ಲಿಸಿ ನಗಿ ಸಾರ್ ಅಂದ್ರೆ ಪಾಸ್‌ಪೋರ್ಟ್ ಫೋಟೋ ಬರತ್ತೆ. ಅದೇ ಅವ್ರ ಕೈಗೆ ಅಳಿಯನ ಪೇಟ ಕೊಟ್ಟು ಇದರ ಮಡಿಕೆ ಸ್ವಲ್ಪ ಸರಿ ಮಾಡ್ಕೊಡಿ ಅನ್ನಿ. ಅಜ್ಜಿಗೆ ಹೂ ಕಟ್ಟೋಕೆ ಕೊಡಿ, ಇಲ್ಲಾ ಎಲೆ ಅಡಿಕೆ ತಟ್ಟೆ ಮುಂದಿಡಿ, ಸುಣ್ಣ ಸವರೋವಾಗ ಅವ್ರ ಮುಖದಲ್ಲಿ ಬರೋ ಗಮನ ನೀವು ಹೇಳಿಕೊಟ್ಟು ಬರೋದಲ್ಲ. ಮಗು ಆದ್ರೆ ಅಮ್ಮನ ಕೈಗೆ ಚಕ್ಕುಲಿ ಕೊಟ್ಟು ಅವ್ರನ್ನ ಬಾಗಿಲ ಆಚೆ ನಿಲ್ಲಿಸಿ, ಮಗು ತಾನಾಗೇ ಆ ಕಡೆ ಹೋಗತ್ತೆ. ಮದುಮಗಳು ಮನೆಯಿಂದ ಇಳಿದು ಬರೋ ಶಾಟಲ್ಲಿ ಮೆಟ್ಟಿಲ ಮೇಲೆ ರಂಗೋಲಿ ಇದ್ರೆ ತುಳೀಬೇಡಮ್ಮ ಅಂತ ಒಂದು ಮಾತು ಹೇಳಿ, ಸೀರೆ ಎತ್ತಿ ಹಿಡಿದು ಕಣ್ಣು ಕೆಳಗೆ ಮಾಡಿ ಬರ್ತಾಳೆ. ಅವ್ರಿಗೆ ಕೆಲಸ ಇರತ್ತೆ, ನಿಮಗೆ ಫ್ರೇಮ್ ಸಿಗತ್ತೆ. ಯಾರನ್ನೂ ಮೋಸ ಮಾಡಿ ಅಳಿಸೋದು, ಹೆದರಿಸೋದು ಮಾತ್ರ ಬೇಡ, ಅಂಥಾ ವಿಡಿಯೋ ನೋಡಿದಾಗ ನಂಗೆ ತುಂಬಾ ಬೇಜಾರಾಗತ್ತೆ.

ಒಂದು ಸಾಮಾನಿನ ಹಿಂದೆ ಹೋಗಿ

'ಪಥೇರ್ ಪಾಂಚಾಲಿ' ಕೊನೇಲಿ ಮನೆ ಖಾಲಿ ಮಾಡುವಾಗ ಅಪುಗೆ ಒಂದು ತೆಂಗಿನ ಚಿಪ್ಪಿನೊಳಗೆ ಸರ ಸಿಗತ್ತೆ, ಸತ್ತು ಹೋದ ಅಕ್ಕ ಕದ್ದಿಲ್ಲ ಅಂತ ಹೇಳಿದ್ದ ಸರ. ಹುಡುಗ ಯಾರಿಗೂ ಹೇಳ್ದೇ ಅದನ್ನ ಕೊಳಕ್ಕೆ ಎಸೀತಾನೆ. ನೀರ ಮೇಲಿನ ಪಾಚಿ ಒಂದು ಕ್ಷಣ ಬಿಟ್ಕೊಂಡು, ನಿಧಾನಕ್ಕೆ ಮತ್ತೆ ಮುಚ್ಕೊಳತ್ತೆ. ಯಾರೂ ಅಳಲ್ಲ, ಮಾತಿಲ್ಲ. ರೇ ಅವ್ರ ಇನ್ನೊಂದು ಸಿನಿಮಾ 'ಚಾರುಲತಾ'ದಲ್ಲಿ ಒಂಟಿ ಹೆಂಗಸು ಕಣ್ಣಿಗೆ ಪುಟ್ಟ ದುರ್ಬೀನು ಹಿಡ್ಕೊಂಡು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೋಗಿ ಬೀದೀಲಿ ಹೋಗೋರನ್ನ ನೋಡ್ತಾಳೆ, ಆಮೇಲೆ ಗಂಡ ಪಕ್ಕದಲ್ಲೇ ಗಮನಿಸ್ದೇ ಹೋದಾಗ ಅದೇ ದುರ್ಬೀನಲ್ಲಿ ಗಂಡನ್ನೂ ನೋಡ್ತಾಳೆ. ಅವಳ ಸಂಸಾರ ಅಷ್ಟರಲ್ಲೇ ನಮಗೆ ಗೊತ್ತಾಗಿಬಿಡತ್ತೆ.

ಅಭ್ಯಾಸ ಹೀಗೆ ಮಾಡಿ. ನಿಮ್ಮ ಮನೇಲೇ ಒಬ್ಬರನ್ನ ಆರಿಸಿಕೊಳ್ಳಿ, ಅಮ್ಮನೋ ಮಾವನೋ, ಒಂದು ವಾರ ಅವ್ರ ಕೈ ಯಾವ ಸಾಮಾನಿಗೆ ಜಾಸ್ತಿ ಹೋಗತ್ತೆ ಅಂತ ಬರೀ ನೋಡಿ. ಕನ್ನಡಕದ ಡಬ್ಬಿ, ಒಗ್ಗರಣೆ ಸೌಟು, ಮಾತ್ರೆ ಇಟ್ಟಿರೋ ಹಳೇ ಸ್ವೀಟ್ ಬಾಕ್ಸು, ಹಿಂಗೆ. ಐದು ಸಾಮಾನು ಆರಿಸಿ, ಮನುಷ್ಯ ಇಲ್ಲದೇ ಒಂದೊಂದು ಫೋಟೋ ತೆಗೀರಿ, ಆ ಸಾಮಾನು ದಿನಾ ಇರೋ ಜಾಗದಲ್ಲೇ, ದಿನಾ ಇರೋ ಬೆಳಕಲ್ಲೇ, ಒರೆಸಿ ಅಲಂಕಾರ ಮಾಡಿ ಅಲ್ಲ. ಆಮೇಲೆ ಕೈ ಮಾತ್ರ ಬರೋ ಹಂಗೆ. ಮುಖ ಕೊನೇಲಿ. ಅಷ್ಟೊತ್ತಿಗೆ ಆ ಮುಖಾನ ಎಲ್ಲಿ ನಿಂತು ತೆಗೀಬೇಕು ಅಂತ ನಿಮ್ಮ ಕಾಲಿಗೇ ಗೊತ್ತಾಗಿರತ್ತೆ.

ಲೆನ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ನಿಮಾಯ್ ಘೋಷ್ ಅಂತ ಒಬ್ರಿದ್ರು, ನಾಟಕದಲ್ಲಿ ಪಾತ್ರ ಮಾಡ್ತಿದ್ದವ್ರು, ಅಕಸ್ಮಾತ್ ಕೈಗೆ ಲೆನ್ಸ್ ಬದಲಾಯಿಸೋಕ್ ಆಗದ ಒಂದು ಸಣ್ಣ ಕ್ಯಾಮೆರಾ ಸಿಕ್ತು, ಅದನ್ನ ಹಿಡ್ಕೊಂಡು ರೇ ಅವ್ರ ಶೂಟಿಂಗಿಗೆ ಹೋದವ್ರು ಸುಮಾರು ಇಪ್ಪತ್ತೈದು ವರ್ಷ ಅವ್ರ ಫೋಟೋ ತೆಗೆದ್ರು, ಇರೋ ಬೆಳಕಲ್ಲೇ. ಒಂದು ತಿಂಗಳು ಒಂದೇ ಲೆನ್ಸಲ್ಲಿ ಕೆಲಸ ಮಾಡಿ, ಝೂಮ್ ಇದ್ರೆ 35 ಎಂಎಂಗೆ ಇಟ್ಟು ಟೇಪ್ ಹಾಕಿ ಅಂಟಿಸಿಬಿಡಿ. ರೇ ಕೂಡ 'ಚಾರುಲತಾ' ಹೊತ್ತಿಂದ ಕ್ಯಾಮೆರಾನ ತಾವೇ ಕೈಗೆ ತಗೊಂಡ್ರು, ಫ್ರೇಮಿನ ಒಳಗೆ ಏನಾಗ್ತಿದೆ ಅಂತ ಲೆನ್ಸ್ ಹಿಂದೆ ಇರೋರಿಗೆ ಮಾತ್ರ ಪೂರ್ತಿ ಗೊತ್ತಾಗೋದು.

ಬ್ಲಾಕ್ ಅಂಡ್ ವೈಟ್ ಮಾಡಿಬಿಟ್ರೆ ರೇ ತರ ಆಗತ್ತೆ ಅಂತ ಅಂದ್ಕೊಂಡಿರೋರು ಜಾಸ್ತಿ ಜನ. ಆಗಲ್ಲ. ಕಲರ್ ಗಲಾಟೆ ಇರೋ ಫೋಟೋನ ಬ್ಲಾಕ್ ಅಂಡ್ ವೈಟ್ ಮಾಡಿದ್ರೆ ಗಲಾಟೆ ಬೂದಿ ಬಣ್ಣಕ್ಕೆ ತಿರುಗತ್ತೆ ಅಷ್ಟೇ. ಹಾಗೇ ಈ ರೀತಿ ಎಲ್ಲಾ ಕಡೆ ನಡೆಯಲ್ಲ ಅನ್ನೋದೂ ನಿಜ, ಕಂಬಳಕ್ಕೋ ಕುಸ್ತಿಗೋ ಚೌಕ ಬರ್ಕೊಂಡು ಹೋದ್ರೆ ಕೋಣ ನಿಮಗೋಸ್ಕರ ಕಾಯಲ್ಲ, ಅಲ್ಲಿ ಬಟನ್ ಒತ್ತಿ ಹಿಡಿದು ಒಂದರ ಹಿಂದೆ ಒಂದು ಫ್ರೇಮ್ ಹೊಡೆಯೋ ಬರ್ಸ್ಟ್ ಮೋಡೇ ಸರಿ. ಅಲ್ಲೂ ಹಿಂದಿನ ದಿನ ಹೋಗಿ ಬೆಳಕು ಎಲ್ಲಿಂದ ಬರತ್ತೆ ಅಂತ ನೋಡಿ ಬಂದ್ರೆ ಅರ್ಧ ಕೆಲಸ ಆದಂಗೆ.

ಕೊನೇಲಿ ಜೋಡಿಸೋದು

'ಚಾರುಲತಾ' ಮುಗಿಯೋದು ಸ್ಟಿಲ್ ಫೋಟೋಗಳಲ್ಲಿ. ಮನೆ ಬಿಟ್ಟು ಹೋಗಿ ವಾಪಸ್ ಬಂದ ಗಂಡ ಬಾಗಿಲಲ್ಲಿ, ಹೆಂಡತಿ ಕೈ ಚಾಚ್ತಾಳೆ, ಅವನೂ ಕೈ ಚಾಚ್ತಾನೆ, ಕೈ ಕೈ ಸೇರೋಕ್ ಮುಂಚೆ ಚಿತ್ರ ನಿಂತು ಹೋಗತ್ತೆ. ಆಮೇಲೆ ಅವಳ ಮುಖ, ಅವನ ಮುಖ, ದೀಪ ಹಿಡಿದು ನಿಂತ ಆಳು, ಒಂದೊಂದೂ ನಿಂತ ಚಿತ್ರ. ಫೋಟೋ ತೆಗೆಯೋ ಪ್ರತಿಯೊಬ್ಬರೂ ಆ ಒಂದು ನಿಮಿಷ ಮತ್ತೆ ಮತ್ತೆ ನೋಡ್ಬೇಕು. ಒಂದೇ ಫೋಟೋದಲ್ಲಿ ಎಲ್ಲಾ ಹೇಳೋ ಹಟ ಇಲ್ಲ, ಒಂದು ಇನ್ನೊಂದರ ಪಕ್ಕ ಕೂತು ಹೇಳತ್ತೆ.

ಆಲ್ಬಮ್ ಮಾಡುವಾಗ ನಾನು ಈಗ ಮೊದಲು ಹನ್ನೆರಡೇ ಆರಿಸ್ತೀನಿ. ಫೋನಲ್ಲಿ ಅಲ್ಲ, ಪೋಸ್ಟ್‌ಕಾರ್ಡ್ ಅಳತೆಗೆ ಸಾದಾ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ದೂರದ್ದು, ಹತ್ತಿರದ್ದು, ಸಾಮಾನು, ಕೈ, ಖಾಲಿ ಜಾಗ, ಬೇರೆ ಬೇರೆ ಇರ್ಬೇಕು, ಎರಡು ಒಂದೇ ಮಾತು ಹೇಳ್ತಿದ್ರೆ ಒಂದು ಎತ್ತಿಡಿ. ಒಂದು ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ಮನೇಲಿ ಫೋಟೋಗ್ರಫಿ ಗೊತ್ತಿಲ್ಲದವ್ರನ್ನ ಕರೆದು ತೋರ್ಸಿ, ಏನೂ ವಿವರಿಸ್ಬೇಡಿ, ಅವ್ರು ಯಾವುದರ ಹತ್ರ ನಿಲ್ತಾರೆ ಅಂತ ನೋಡಿ. ನಮ್ಮನೇಲಿ ಈ ಕೆಲಸ ನಮ್ಮ ಅತ್ತೆ ಮಾಡೋದು. ಉಳಿದ ಇನ್ನೂರು ಮುನ್ನೂರು ಫೋಟೋ ಗಿರಾಕಿಗಳಿಗೆ ಬೇಕೇ ಬೇಕು, ಕೊಡೋಣ, ಆದ್ರೆ ಆಲ್ಬಮ್ಮಿನ ಬೆನ್ನುಮೂಳೆ ಆ ಹನ್ನೆರಡೇ.

ನಮ್ಮ ತಾಯಿ ಊರಿನ ಮನೆ ಬಗ್ಗೆ ಹೇಳಿದ್ನಲ್ಲ, ಅಲ್ಲಿ ಮೂರು ವರ್ಷದಿಂದ ತೆಗೀತಾ ಇದೀನಿ, ಹನ್ನೆರಡರಲ್ಲಿ ಹನ್ನೊಂದು ಆಗಿದೆ. ಇನ್ನೊಂದು ಚೌಕ ನೋಟ್‌ಬುಕ್ಕಲ್ಲಿ ಹಾಗೇ ಇದೆ: ಕಾರ್ತೀಕ ಮಾಸದಲ್ಲಿ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ತೊಟ್ಟಿಯಿಂದ ಇಳಿಯೋ ಬಿಸಿಲು ಒಂದು ಹತ್ತು ನಿಮಿಷ ಅಜ್ಜಿ ಕೂರ್ತಿದ್ದ ಮಣೆ ಮೇಲೆ ಬೀಳತ್ತೆ, ಮಣೆ ಖಾಲಿ, ಪಕ್ಕದಲ್ಲಿ ಹೂವಿನ ಬುಟ್ಟಿ. ಹೋದ ವರ್ಷ ನಾನು ಹೋದ ಎರಡು ದಿನಾನೂ ಮೋಡ. ಈ ವರ್ಷ ನಾಲ್ಕು ದಿನ ರಜ ಹಾಕ್ಕೊಂಡು ಹೋಗ್ತಾ ಇದೀನಿ, ಆ ವಾರ ಮದುವೆ ಒಪ್ಪಿಕೊಂಡಿಲ್ಲ.